ಇಬ್ಬರಿಗೊಂದು ಕೋಣೆ

ಕಾಫಿಯ ಕೊಯ್ಲು ಮುಗಿದು, ಕಣದಲ್ಲಿ ಹರಡಿದ ಬೀಜ ಒಣಗಿ ಚೀಲ ಸೇರಿ, ಮೆಣಸಿನ ಬಳ್ಳಿಗೆ ಒರಗಿಸಿದ ಏಣಿಗಳು ಕೊಟ್ಟಿಗೆಗೆ ಹಿಂದಿರುಗುವ ಹೊತ್ತಿಗೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಒಂದು ಮಾತು ಹುಟ್ಟುತ್ತದೆ: ಈ ವರ್ಷವಾದರೂ ಎರಡು ದಿನ ಮೈಸೂರಿಗೆ ಹೋಗಿ ಬರೋಣವೇ? ಮಳೆಗಾಲಕ್ಕೆ ಮೊದಲು ಈ ಮಾತು ಕೈಗೂಡಿದರೆ ಕೂಡಿತು. ಇಲ್ಲವಾದರೆ ಮತ್ತೊಂದು ಕೊಯ್ಲು ಮುಗಿಯುವವರೆಗೆ ಕಾಯಬೇಕು.

ದಾರಿಯೇನೂ ದೊಡ್ಡದಲ್ಲ. ಸಕಲೇಶಪುರದಿಂದ ಹಾಸನ, ಹೊಳೆನರಸೀಪುರಗಳ ಮೇಲೆ ಮೈಸೂರಿಗೆ ಸುಮಾರು 160 ಕಿಲೋಮೀಟರು. ಬಯಲುಸೀಮೆಯವರಾದರೆ ಇಷ್ಟು ದೂರವನ್ನು ಬೆಳಗ್ಗೆ ಹೊರಟು ರಾತ್ರಿ ಹಿಂದಿರುಗಿ ಮುಗಿಸಿಯಾರು. ನಮಗೆ ಅದು ಸಾಧ್ಯವಿಲ್ಲ. ಈ ಎರಡು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳ ಸಂಚಾರ ಹಲವು ವರ್ಷಗಳಿಂದ ನಿತ್ಯದ ಸಂಗತಿಯಾಗಿದೆ. ಬಸ್ಸಿಳಿದ ಮೇಲೆ ಉಳಿಯುವ ತೋಟದ ದಾರಿಯನ್ನು ಕತ್ತಲಲ್ಲಿ ಹಿಡಿಯಲು ಯಾರಿಗೂ ಧೈರ್ಯವಾಗದು. ಬೆಳಕು ಹರಿಯುವ ಮುನ್ನ ಮನೆ ಬಿಡುವಂತೆಯೂ ಇಲ್ಲ. ಆದ್ದರಿಂದ ನಮ್ಮ ಪಾಲಿಗೆ ಪಟ್ಟಣ ನೋಡುವುದೆಂದರೆ ಪಟ್ಟಣದಲ್ಲಿ ರಾತ್ರಿ ತಂಗುವುದೆಂದೇ ಅರ್ಥ. ಎಲ್ಲಿ ತಂಗಬೇಕು ಎಂಬ ಪ್ರಶ್ನೆ ಪ್ರವಾಸದ ಮೊದಲ ಪ್ರಶ್ನೆಯಾಗುತ್ತದೆ.

ಹಿಂದಿನವರಿಗೆ ಈ ಪ್ರಶ್ನೆ ಇಷ್ಟು ಕಾಡಿರಲಿಲ್ಲ. ನೆಂಟರ ಮನೆಯಿತ್ತು, ಇಲ್ಲವೇ ಛತ್ರವಿತ್ತು. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಲ್ಲಿ ಪ್ರಾರಂಭವಾದದ್ದು ಊರೂರಿನಿಂದ ಬಂದ ಪ್ರಯಾಣಿಕರಿಗಾಗಿಯೇ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದ ಹೆಸರಾದರೋ ಇಂದು ಮೇಳಗಳ, ವಸ್ತುಪ್ರದರ್ಶನಗಳ ಸುದ್ದಿಯಲ್ಲಿ ಕೇಳಿಬರುತ್ತದೆ. ನೆಂಟರ ಮನೆಗಳೂ ಈಗ ಎರಡು ಕೋಣೆಗಳ ಮನೆಗಳಾಗಿವೆ. ಹೀಗಾಗಿ ಲಾಡ್ಜಿನ ಕೋಣೆ ಅನಿವಾರ್ಯವಾಯಿತು. ಅನಿವಾರ್ಯವಾದ ಮೇಲೆ ಅದನ್ನು ಅಗ್ಗವಾಗಿ ಪಡೆಯುವ ಆಸೆ ಸಹಜವೇ.

ಆದರೆ ಅಗ್ಗವೆಂಬುದನ್ನು ಅಳೆಯುವುದು ಹೇಗೆ? ನಮ್ಮ ನೆರೆಮನೆಯ ಯಜಮಾನರು ಊರಿಗೆ ಹಿಂದಿರುಗಿ, ಹುಡುಕಾಡಿ ನಾನೂರು ರೂಪಾಯಿ ಉಳಿಸಿದ ಬಗೆಯನ್ನು ಜಗುಲಿಯಲ್ಲಿ ಕುಳಿತು ವರ್ಣಿಸುತ್ತಿದ್ದರು. ಒಳಗಿನಿಂದ ಕಾಫಿ ತಂದ ಅವರ ಮನೆಯಾಕೆ ಒಂದೇ ಮಾತು ಕೇಳಿದರು: "ರೀ, ನಾನೂರು ಉಳೀತು ಅಂತ ಬರ್ಕೊಂಡ್ರಿ. ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲವಲ್ಲ, ಅದನ್ನ ಯಾವ ಲೆಕ್ಕಕ್ಕೆ ಬರೀತೀರಿ?" ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ಪ್ರಶ್ನೆಯಲ್ಲಿಯೇ ಇದೆ. ಕೋಣೆಯ ಬಾಡಿಗೆ ಬೇರೆ, ಕೋಣೆಯ ಬೆಲೆ ಬೇರೆ.

ಮೊದಲಿಗೆ ಸ್ಥಳದ ವಿಚಾರ. ಊಹೆಯ ಲೆಕ್ಕವೊಂದನ್ನು ನೋಡೋಣ. ಊರಾಚೆಯ ಕೋಣೆಗೆ ದಿನಕ್ಕೆ 700 ರೂಪಾಯಿ, ಅರಮನೆಯ ಸಮೀಪದ್ದಕ್ಕೆ 1,100 ಎಂದಿಟ್ಟುಕೊಳ್ಳಿ. ಊರಾಚೆಯವರು ಬೆಳಗ್ಗೆ ಬಂದು, ಮಧ್ಯಾಹ್ನ ವಿಶ್ರಾಂತಿಗೆ ಹೋಗಿ, ಸಂಜೆ ಮತ್ತೆ ಬಂದು, ರಾತ್ರಿ ಹಿಂದಿರುಗಿದರೆ ನಾಲ್ಕು ಬಾರಿ ಆಟೋ. ಸಲಕ್ಕೆ 120 ಆದರೂ 480 ರೂಪಾಯಿ. ಉಳಿದದ್ದೇನು? ಮಧ್ಯಾಹ್ನದ ವಿಶ್ರಾಂತಿಯನ್ನು ಬಿಟ್ಟರೆ ಹಣ ಉಳಿಯುತ್ತದೆ, ಮೊಣಕಾಲು ಉಳಿಯುವುದಿಲ್ಲ. ಮೈಸೂರಿನಲ್ಲಿ ಅರಮನೆ, ಕೃಷ್ಣರಾಜ ವೃತ್ತ, ದೇವರಾಜ ಮಾರುಕಟ್ಟೆ, ನಗರ ಬಸ್ ನಿಲ್ದಾಣ ಇವೆಲ್ಲ ಒಂದನ್ನೊಂದು ನಡೆದು ತಲುಪುವಷ್ಟು ಹತ್ತಿರದಲ್ಲಿವೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾಧಾರಣ ಕೋಣೆಯೊಂದನ್ನು ಹಿಡಿದವರಿಗೆ ಊರೇ ಕೈಗೆಟುಕುತ್ತದೆ.

ಸ್ಥಳದಂತೆಯೇ ದಿನವನ್ನೂ ಆರಿಸಬೇಕು. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಮೃಗಾಲಯಕ್ಕೆ ಮಂಗಳವಾರ ರಜೆ. ಭಾನುವಾರ ಮಧ್ಯಾಹ್ನ ತಲುಪಿ ಸೋಮವಾರ ಉಳಿದದ್ದನ್ನು ನೋಡುವವರಿಗೆ ಎರಡೂ ದಕ್ಕುತ್ತವೆ. ದಸರೆಯ ದಿನಗಳಲ್ಲಿ ಬಾಡಿಗೆ ಏರುತ್ತದೆ, ಕೋಣೆ ಸಿಗುವುದೂ ಕಷ್ಟ. ಮಿತವ್ಯಯದವರಿಗೆ ಅದು ಕಾಲವಲ್ಲ.

ಬೆಂಗಳೂರಿಗೆ ಹೋಗುವವರ ಲೆಕ್ಕ ತುಸು ಬೇರೆ. ನಮ್ಮ ಕಡೆಯವರಿಗೆ ಬೆಂಗಳೂರೆಂದರೆ ಮೆಜೆಸ್ಟಿಕ್. ಬಸ್ಸಿಳಿದಲ್ಲಿಯೇ ಕೋಣೆ ಹುಡುಕುವುದು ಹಳೆಯ ರೂಢಿ. ಆದರೆ ಹಾಸನದ ಬಸ್ಸು ನೆಲಮಂಗಲ ದಾಟಿ ತುಮಕೂರು ರಸ್ತೆಯಿಂದಲೇ ನಗರವನ್ನು ಹೊಗುತ್ತದೆ; ಮೆಟ್ರೋ ರೈಲಿನ ಹಸಿರು ಮಾರ್ಗ ಆ ರಸ್ತೆಯ ಮೇಲೆಯೇ ಸಾಗಿ, ಯಶವಂತಪುರ, ಮೆಜೆಸ್ಟಿಕ್, ಲಾಲ್‌ಬಾಗ್, ಜಯನಗರಗಳನ್ನು ಪೋಣಿಸುತ್ತದೆ. ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೆಟ್ರೋ ನಿಲ್ದಾಣಕ್ಕೆ ಎಷ್ಟು ಹೆಜ್ಜೆ?

ಎರಡನೆಯದು ಗಡಿಯಾರದ ವಿಚಾರ. ಕೆಲವು ಲಾಡ್ಜುಗಳಲ್ಲಿ ಒಳಹೊಕ್ಕ ಗಳಿಗೆಯಿಂದ 24 ಗಂಟೆ ಎಂಬ ನಿಯಮ. ಕೆಲವೆಡೆ ನೀವು ಯಾವಾಗ ಬಂದರೂ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ಸಂಜೆ ಐದಕ್ಕೆ ತಲುಪುವವರಿಗೆ ಎರಡನೆಯ ಕ್ರಮದಲ್ಲಿ ಹತ್ತೊಂಬತ್ತೇ ಗಂಟೆ ದೊರೆಯುತ್ತದೆ. ಹಣ ಕೊಡುವ ಮೊದಲೇ ಇದನ್ನು ಕೇಳಬೇಕು. ಕೋಣೆ ಬಿಟ್ಟ ಮೇಲೆ ಚೀಲಗಳನ್ನು ಸಂಜೆಯವರೆಗೆ ಇಟ್ಟುಕೊಳ್ಳುವರೇ ಎಂದೂ ಕೇಳಬೇಕು. ರೈಲಿನಲ್ಲಿ ಬರುವವರಿಗೆ ಮೈಸೂರು ನಿಲ್ದಾಣದಲ್ಲಿಯೇ ವಿಶ್ರಾಂತಿ ಕೋಣೆಗಳುಂಟು. ಅವನ್ನು ಮುಂಗಡವಾಗಿ ಹಿಡಿಯಲು ಕಾಯ್ದಿರಿಸಿದ ಟಿಕೆಟು ಇರಬೇಕು.

ಮೂರನೆಯದು ಬಿಲ್ಲಿನ ವಿಚಾರ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ವಿಚಾರಿಸಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲೆ ಶೇಕಡಾ 12ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಇನ್ನೊಂದು ಉಳಿತಾಯವೂ ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಮನೆಯಾಕೆಯ ಪಾಲಿನಿಂದ ಉಳಿದ ಆ ಹಣವನ್ನು ಆಕೆಯ ನಿದ್ದೆಗೇ ವ್ಯಯಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಇನ್ನು ಕೋಣೆಯ ಪರೀಕ್ಷೆ. ಗಂಡಸರು ಕೌಂಟರಿನಲ್ಲಿ ನಿಂತು ದರ ಕೇಳಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಹೆಂಗಸರು ಚೀಲಗಳ ಜೊತೆ ಬಾಗಿಲಲ್ಲಿ ನಿಂತಿರುತ್ತಾರೆ. ಈ ಕ್ರಮವನ್ನು ಬದಲಿಸಬೇಕು. ಸಹಿಗೆ ಮೊದಲು ಮನೆಯಾಕೆ ಮೇಲೆ ಹೋಗಿ ಕೋಣೆಯನ್ನು ನೋಡಿ ಬರಲಿ. ಒಳಗಿನ ಅಗುಳಿ ಸರಿಯಾಗಿ ಬೀಳುತ್ತದೆಯೇ, ಬಚ್ಚಲು ಶುಚಿಯಾಗಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಿಸಿನೀರು ಎಷ್ಟು ಗಂಟೆಯವರೆಗೆ, ಕಿಟಕಿ ತೆರೆಯುತ್ತದೆಯೇ, ಮೂರನೆಯ ಮಹಡಿಯಾದರೆ ಲಿಫ್ಟ್ ಇದೆಯೇ, ಇವು ಆಕೆಯ ಕಣ್ಣಿಗೆ ಒಂದೇ ನೋಟದಲ್ಲಿ ತಿಳಿಯುತ್ತವೆ. ಕೆಳಗೆ ಬಾರ್ ಇದ್ದರೆ ಅಗ್ಗದ ಬಾಡಿಗೆಗೆ ಕಾರಣ ಬಹುಶಃ ಅದೇ. ಜೀರುಂಡೆಯ ದನಿಗೆ ಒಗ್ಗಿದ ಕಿವಿಗೆ ಬಸ್ಸಿನ ಹಾರನ್ನು ಲಾಲಿಯಾಗದು. ರಸ್ತೆಯ ಕಡೆಯ ಕೋಣೆಯನ್ನು ಬಿಟ್ಟು ಹಿಂಬದಿಯದನ್ನು ಕೇಳಿ. ಇಬ್ಬರ ಗುರುತಿನ ಚೀಟಿಗಳೂ ಜೊತೆಯಲ್ಲಿರಲಿ. ಎಷ್ಟೋ ಹೆಂಗಸರ ಚೀಟಿಯಲ್ಲಿ ಇನ್ನೂ ತವರಿನ ವಿಳಾಸವೇ ಉಳಿದಿರುತ್ತದೆ. ಹೊರಡುವ ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡರೆ ರಾತ್ರಿಯ ಹೊತ್ತು ಕೌಂಟರಿನ ಮುಂದೆ ಸಂಕೋಚಪಡುವುದು ತಪ್ಪುತ್ತದೆ.

ಇಷ್ಟೆಲ್ಲ ಎಚ್ಚರ ಎರಡು ರಾತ್ರಿಗೆ ಬೇಕೇ ಎಂದು ಯಾರಾದರೂ ಕೇಳಬಹುದು. ತೋಟದ ಮನೆಯ ಗಂಡಹೆಂಡಿರನ್ನು ಬಲ್ಲವರು ಹಾಗೆ ಕೇಳಲಾರರು. ಬೆಳಗಾದರೆ ಆಳುಕಾಳು, ದನಕರು. ಕತ್ತಲಾದರೆ ಹಿರಿಯರ ಔಷಧಿ, ನಾಳೆಯ ಕೆಲಸದ ಚಿಂತೆ. ಒಂದೇ ಸೂರಿನಡಿಯಲ್ಲಿ ಮೂವತ್ತು ವರ್ಷ ಬಾಳಿಯೂ ಇಬ್ಬರೇ ಕುಳಿತು ನಿಧಾನವಾಗಿ ಒಂದು ಲೋಟ ಕಾಫಿ ಕುಡಿದ ಸಂಜೆಗಳು ಬೆರಳೆಣಿಕೆಯಷ್ಟಿದ್ದರೆ ಹೆಚ್ಚು. ಅಂಥವರಿಗೆ ದೊರೆಯುವ ಎರಡು ರಾತ್ರಿಗಳನ್ನು ಕೆಟ್ಟ ಕೋಣೆಯೊಂದು ನುಂಗಿಬಿಟ್ಟರೆ, ಮುಂದಿನ ವರ್ಷ ಪ್ರವಾಸದ ಮಾತು ಬಂದಾಗ ಒಬ್ಬರು ಸುಮ್ಮನಾಗುತ್ತಾರೆ, ಇನ್ನೊಬ್ಬರು ಒತ್ತಾಯಿಸುವುದಿಲ್ಲ. ಆದ್ದರಿಂದ ಬಾಡಿಗೆಯ ಮಿತಿಯನ್ನು ಮನೆಯಲ್ಲಿಯೇ ಇಬ್ಬರೂ ಕೂತು ಗೊತ್ತುಮಾಡಿ. ಆ ಮಿತಿಯೊಳಗಿನ ಕೋಣೆಯನ್ನು ಇಬ್ಬರೂ ನೋಡಿ, ಇಬ್ಬರೂ ಒಪ್ಪಿದ ಮೇಲೆ ಮುಂಗಡ ಕೊಡಿ.