ಜಪಾನೀ ಲಿಪಿಯೂ ಗಣಕಯಂತ್ರವೂ

ಜಪಾನೀ ಬರವಣಿಗೆಯಲ್ಲಿ ಹಿರಗಾನ, ಕಟಕಾನ ಎಂಬ ಉಚ್ಚಾರಣಾನುಸಾರಿಗಳಾದ ಎರಡು ಲಿಪಿಗಳೂ ಚೀನದಿಂದ ಬಂದ ಕಾಂಜಿ ಎಂಬ ಪದಸಂಕೇತಗಳೂ ಬೆರೆತಿರುವುವು. ಯಂತ್ರಕ್ಕೊಗ್ಗದ ಕಾಂಜಿಯನ್ನು ತೊರೆದು ಉಚ್ಚಾರಣೆಯ ಲಿಪಿಯಲ್ಲಿಯೇ ಬರೆಯಬೇಕೆಂಬ ವಾದವು ಆ ದೇಶದಲ್ಲಿ ಬಹುಕಾಲದಿಂದ ಇದ್ದಿತು. ೧೯೭೯ರಲ್ಲಿ ಎನ್‌ಇಸಿ ಸಂಸ್ಥೆಯು ಹೊರತಂದ ಪಿಸಿ-೮೦೦೧ ಗಣಕವನ್ನು ನೋಡಿದವರಿಗೆ ಆ ವಾದವೇ ಗೆದ್ದಿತೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಅದರ ಪರದೆಯ ಮೇಲಿನ ಕಟಕಾನದ ಬರೆಹವು ತಂತಿಯ ಸಮಾಚಾರದಂತಿದ್ದಿತು.

ಕಾರಣವು ಕೇವಲ ಗಣಿತದ್ದು. ೧೯೭೮ರ ರಾಷ್ಟ್ರೀಯ ಮಾನದಂಡವು ೬,೩೪೯ ಕಾಂಜಿಗಳಿಗೆ ಸಂಕೇತಸಂಖ್ಯೆಗಳನ್ನು ಗೊತ್ತುಮಾಡಿದ್ದಿತು. ಇವುಗಳಲ್ಲಿ ಹೆಚ್ಚು ಬಳಕೆಯ ೨,೯೬೫ನ್ನು ಮೊದಲ ವರ್ಗವಾಗಿ ಉಚ್ಚಾರಣೆಯ ಕ್ರಮದಲ್ಲಿ ಜೋಡಿಸಲಾಯಿತು. ಒಂದೊಂದನ್ನು ೧೬ಕ್ಕೆ ೧೬ ಚುಕ್ಕೆಗಳ ಚೌಕದಲ್ಲಿ ಬರೆದರೆ ೩೨ ಬೈಟು; ಮೊದಲ ವರ್ಗವೊಂದಕ್ಕೇ ೯೪,೮೮೦ ಬೈಟು. ಆ ಗಣಕದ ಸ್ಮೃತಿಯಾದರೋ ೧೬,೩೮೪ ಬೈಟು! ಆದುದರಿಂದ ಅಕ್ಷರರೂಪಗಳನ್ನು ಅಚ್ಚೊತ್ತಿದ ಪ್ರತ್ಯೇಕ ಸ್ಮೃತಿಖಂಡವು ಬೇಕಾಯಿತು. ೧೯೮೨ರ ಪಿಸಿ-೯೮೦೧ ಗಣಕವು ಈ ಮಾರ್ಗವನ್ನೇ ಹಿಡಿಯಿತು. ಆಗಲೂ ೨೯ ಗೆರೆಗಳ ಅಕ್ಷರವು ಆ ಚೌಕದಲ್ಲಿ ಪೂರ್ಣವಾಗಿ ಹಿಡಿಯದೆ ಕೆಲವು ಗೆರೆಗಳನ್ನು ಬಿಡಬೇಕಾಗುತ್ತಿದ್ದಿತು. ಮೊದಲ ವರ್ಗ ಮಾತ್ರವಿದ್ದ ಯಂತ್ರದಲ್ಲಿ ಅಪೂರ್ವಾಕ್ಷರದ ಹೆಸರುಳ್ಳವನು ತನ್ನ ಹೆಸರನ್ನೇ ಬರೆಯಲಾರದವನಾದನು. ಇದು ಸಣ್ಣ ನಷ್ಟವಲ್ಲ.

ಬೆರಳಚ್ಚಿನ ತೊಡಕು ಬೇರೆ ಬಗೆಯದು. ೧೯೭೮ರಲ್ಲಿ ತೋಶಿಬಾ ಸಂಸ್ಥೆಯು ಪ್ರಕಟಿಸಿದ ಜೆಡಬ್ಲ್ಯು-೧೦ ಎಂಬ ಬರೆಹಯಂತ್ರದಲ್ಲಿ ಉಚ್ಚಾರಣೆಯನ್ನು ಒತ್ತಿದರೆ ಯಂತ್ರವೇ ಕಾಂಜಿಯನ್ನು ಹುಡುಕಿಕೊಡುತ್ತಿದ್ದಿತು. ಬೆಲೆ ೬೩ ಲಕ್ಷ ಯೆನ್. ಆದರೆ 'ಕಿಶ' ಎಂದರೆ ಪತ್ರಿಕಾವರದಿಗಾರನೂ ಹೌದು, ರೈಲುಗಾಡಿಯೂ ಹೌದು, ಕಚೇರಿಗೆ ಮರಳುವುದೂ ಹೌದು. ಇವುಗಳಲ್ಲಿ ಯಾವುದು ಉದ್ದಿಷ್ಟವೆಂಬುದನ್ನು ಕಡೆಗೆ ಬರೆಯುವವನೇ ಆರಿಸಬೇಕಾಗಿದ್ದಿತು. ಈ ಪದ್ಧತಿಯೇ ಬಳಿಕ ಮನೆಯ ಗಣಕಗಳಿಗೂ ಇಳಿಯಿತು. ೧೯೯೦ರಲ್ಲಿ ಐಬಿಎಂ ಜಪಾನಿನ ಡಾಸ್-ವಿ ಬಂದು ಅಕ್ಷರರೂಪಗಳನ್ನು ತಂತ್ರಾಂಶವೇ ಒದಗಿಸುವಂತಾದ ಮೇಲೆ ಪ್ರತ್ಯೇಕ ಸ್ಮೃತಿಖಂಡದ ಅಗತ್ಯವೂ ತಪ್ಪಿತು.