ಕೈಗೆ ಒಗ್ಗುವ ಪಿಸ್ತೂಲು ಯಾವುದು?



ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆ ಕಾರ್ಯಾಗಾರವಿದೆ. ಅಂಥ ಕಾರ್ಯಾಗಾರದ ನುರಿತ ಫಿಟ್ಟರನ ಕೈಗೆ ಹೊಸ ಸುತ್ತಿಗೆ ಕೊಟ್ಟರೆ ಅವನು ಮೊದಲು ನೋಡುವುದು ಹಿಡಿಯನ್ನು, ಆಮೇಲೆ ತಲೆಯನ್ನು. ನಮ್ಮ ಕೊನೆಗಾರನೂ ಹಾಗೆಯೇ. ತನ್ನ ದೋಟಿ ಬಿಟ್ಟು ಇನ್ನೊಬ್ಬರದನ್ನು ಮುಟ್ಟಲು ಹಿಂಜರಿಯುತ್ತಾನೆ. ಅಡಿಕೆ ಸುಲಿಯುವ ಹೆಂಗಸರಿಗೆ ತಮ್ಮ ಮೆಟ್ಟುಗತ್ತಿಯೇ ಆಗಬೇಕು. ಕೈಗೆ ಒಗ್ಗದ ಹತಾರಿನಿಂದ ಕೆಲಸವೂ ಕೆಡುತ್ತದೆ, ಕೈಯೂ ಕೆಡುತ್ತದೆ.

ಕಾಫಿಗೆ ಬೆಲೆ ಬಂದ ವರ್ಷ ಕಣದಲ್ಲಿ ಒಣಗುವ ಹಣ್ಣಿಗೆ ಕಾವಲು ಬೇಕಾಗುತ್ತದೆ. ಬಟವಾಡೆಯ ಹಣವನ್ನು ಬ್ಯಾಂಕಿನಿಂದ ತೋಟಕ್ಕೆ ತರುವಾಗಲೂ ಅಳುಕು. ಆಗ ಕೆಲವರು ಕೇಳುವುದುಂಟು: "ಒಂದು ಪಿಸ್ತೂಲು ತೆಗೆದುಕೊಂಡರೆ ಹೇಗೆ? ಯಾವುದು ಕೈಗೆ ಚೆನ್ನಾಗಿ ಕೂರುತ್ತದೆ?" ಎರಡು ಪ್ರಶ್ನೆಗಳಿಗೂ ಇಲ್ಲಿ ಉತ್ತರಿಸಲು ಪ್ರಯತ್ನಿಸಿದೆ. ಮೊದಲು ಎರಡನೆಯದನ್ನು ನೋಡೋಣ.

ಒಗ್ಗುವುದೆಂದರೇನು?

ಕೋವಿಗೆ ಭುಜದ ಆಸರೆಯಿದೆ. ಪಿಸ್ತೂಲಿಗೆ ಅಂಗೈ ಒಂದೇ ಆಧಾರ. ಆದ್ದರಿಂದ ಹಿಡಿಯಲ್ಲಿ ಮೂರು ಸಂಗತಿಗಳು ಮುಖ್ಯ. ಒಂದು, ಹಿಡಿಯ ವಾಲು: ಮಣಿಕಟ್ಟನ್ನು ತಿರುಚದೆ ಬೆರಳು ಚಾಚಿದಷ್ಟು ಸಹಜವಾಗಿ ನಳಿಗೆ ಗುರಿಯತ್ತ ತಿರುಗಬೇಕು. ಎರಡು, ಹಿಡಿಯ ಗಾತ್ರ: ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರಿಗೆ ತಲುಪಬೇಕು, ಕಿರುಬೆರಳಿಗೂ ಹಿಡಿಯಲು ಜಾಗವಿರಬೇಕು. ಮೂರು, ತೂಕ: ಹಗುರವಾದದ್ದೇ ಹಿತ ಎಂದು ಹಲವರು ತಿಳಿಯುತ್ತಾರೆ. ಅಂಗಡಿಯಲ್ಲಿ ಅದು ನಿಜ. ಹಾರಿಸುವಾಗ ಹಗುರವಾದದ್ದೇ ಹೆಚ್ಚು ಒದೆಯುತ್ತದೆ.

ಹೆಸರಾಂತ ಹಿಡಿಗಳು

1873ರಲ್ಲಿ ಅಮೆರಿಕದ ಸೇನೆ ತೆಗೆದುಕೊಂಡ ಕೋಲ್ಟ್ ರಿವಾಲ್ವರಿನ ಹಿಡಿಗೆ ಅಲ್ಲಿಯ ಜನ ನೇಗಿಲಿನ ಮೇಳಿಯ ಹೆಸರನ್ನೇ ಇಟ್ಟಿದ್ದಾರೆ. ಗುಂಡು ಹಾರಿದಾಗ ಅದು ಅಂಗೈಯಲ್ಲಿ ಮೆಲ್ಲಗೆ ಮೇಲಕ್ಕೆ ಉರುಳಿ ಒದೆತವನ್ನು ತಗ್ಗಿಸುತ್ತದೆ. ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡ ಲ್ಯೂಗರ್ ಪಿಸ್ತೂಲಿನ ಹಿಡಿ ಬಹಳ ವಾಲಿದೆ. ಕೈ ಚಾಚಿದರೆ ತಾನಾಗಿ ಗುರಿ ತೋರುತ್ತದೆಂದು ಅದಕ್ಕೆ ಕೀರ್ತಿ. 1911ರ ಕೋಲ್ಟ್ ಪಿಸ್ತೂಲಿನ ಟ್ರಿಗರ್ ಗಿಡ್ಡ ಬೆರಳಿನವರಿಗೆ ದೂರವಾಗುತ್ತಿತ್ತು. 1920ರ ದಶಕದಲ್ಲಿ ಟ್ರಿಗರನ್ನು ಮೋಟು ಮಾಡಿ, ಅದರ ಹಿಂದಿನ ಉಕ್ಕನ್ನು ಕೊರೆದು, ಹಿಡಿಯ ಬೆನ್ನನ್ನು ಉಬ್ಬಿಸಿ ತಿದ್ದಿದರು. 1935ರ ಬ್ರೌನಿಂಗ್ ಹೈ-ಪವರ್ ಹದಿಮೂರು ತೋಟಾ ಹಿಡಿಸಿಕೊಂಡರೂ ಕೈತುಂಬ ಹಿತವಾಗಿ ಕೂರುವುದೆಂದು ಬಲ್ಲವರು ಹೊಗಳುತ್ತಾರೆ. ಇದೇ ಮಾದರಿ ನಮ್ಮ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಸೇನೆ, ಪೊಲೀಸರಿಗಾಗಿ ತಯಾರಾಯಿತು. 1990ರ ದಶಕದ ವಾಲ್ಥರ್ ಪಿ-99ರಲ್ಲಿ ಹಿಡಿಯ ಬೆನ್ನುಪಟ್ಟಿಯನ್ನೇ ಬದಲಿಸುವ ಅನುಕೂಲ ಬಂತು. ಪಿಸ್ತೂಲಿಗೆ ಕೈ ಹೊಂದಿಕೊಳ್ಳುವ ಬದಲು ಕೈಗೆ ಪಿಸ್ತೂಲು ಹೊಂದಿಕೊಳ್ಳುವ ಕಾಲ ಅದು.

ಸ್ಪರ್ಧೆಯ ಏರ್ ಪಿಸ್ತೂಲುಗಳು ಇನ್ನೂ ಮುಂದೆ ಹೋಗಿವೆ. ಅವುಗಳ ಮರದ ಹಿಡಿಯನ್ನು ಶೂಟರನ ಅಂಗೈಯ ಗೆರೆಗೆರೆಗೂ ಹೊಂದುವಂತೆ ಕೆತ್ತಿ ಉಜ್ಜುತ್ತಾರೆ. ತೂಕ ಒಂದೂವರೆ ಕಿಲೋ ಮೀರಬಾರದು, ಟ್ರಿಗರಿನ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು ಎಂದು ನಿಯಮ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಳ್ಳಿ ಗೆದ್ದದ್ದು ಈ ಏರ್ ಪಿಸ್ತೂಲಿನಲ್ಲೇ.

ನಮಗೆ ಸಿಗುವಂಥವು

ಇಷ್ಟೆಲ್ಲ ಓದಿ ಹೈ-ಪವರ್ ಬೇಕೆಂದರೆ ಸಿಗದು. ನಮ್ಮ ಕಾನೂನಿನಲ್ಲಿ 9 ಮಿ.ಮೀ. ನಿಷಿದ್ಧ ಬೋರ್. ಲೈಸೆನ್ಸುದಾರರಿಗೆ ಸಾಮಾನ್ಯವಾಗಿ ದೊರೆಯುವುದು .32 ಮತ್ತು .22. ಕಾನ್ಪುರದ .32 ರಿವಾಲ್ವರು ಹಳೆಯ ವೆಬ್ಲಿ ಮಾದರಿಯದು. ನಡು ಮುರಿದು ತೋಟಾ ತುಂಬುವಂಥದು, ಆರು ಸುತ್ತು. 2014ರಲ್ಲಿ ಬಂದ 'ನಿರ್ಭೀಕ್' ಟೈಟೇನಿಯಂ ಮಿಶ್ರಲೋಹದ್ದು, ಸುಮಾರು ಅರ್ಧ ಕಿಲೋ ತೂಕ. ಸಣ್ಣ ಕೈಯವರಿಗೆ ಹೊರಲು ಸುಲಭ. ಆದರೆ ಹಗುರದ ಬಗ್ಗೆ ಮೇಲೆ ಹೇಳಿದ ಮಾತು ಇದಕ್ಕೂ ಅನ್ವಯ. ಚೌಕ ಹಿಡಿಯ ಆಟೋ ಪಿಸ್ತೂಲು 'ಅಶಾನಿ'. ಕೈಯಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಆದರೆ ಮ್ಯಾಗಜೀನ್ ತೆಗೆದ ಮೇಲೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದೆಂಬುದನ್ನು ಮರೆಯುವಂತಿಲ್ಲ. ರಿವಾಲ್ವರಿನಲ್ಲಿ ತುಂಬಿದೆಯೋ ಇಲ್ಲವೋ ಎಂಬುದು ತೆರೆದೊಡನೆ ಕಣ್ಣಿಗೆ ಕಾಣುತ್ತದೆ. ಅಪರೂಪಕ್ಕೆ ಮುಟ್ಟುವವರಿಗೆ ಇದೇ ದೊಡ್ಡ ಗುಣ.

ಹಿಡಿದು ನೋಡುವ ಕ್ರಮ

ಅಂಗಡಿಯವರು ಖಾಲಿ ಎಂದರೂ ತಾವೇ ತೆರೆದು ನೋಡಿ. ಬೆರಳು ಟ್ರಿಗರಿನ ಹೊರಗಿರಲಿ. ಯಾರೂ ಇಲ್ಲದ ಗೋಡೆಯ ಕಡೆ ಮುಖ ಮಾಡಿ, ಗುರಿಯ ಒಂದು ಗುರುತು ನೋಡಿಕೊಂಡು ಕಣ್ಣು ಮುಚ್ಚಿ ಕೈ ಎತ್ತಿ. ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಗುರಿಮೊನೆ ಹಿಂದಿನ ಕಂಡಿಯಲ್ಲಿ ಕೂತಿದ್ದರೆ ಹಿಡಿ ನಿಮ್ಮದು. ಮೊನೆ ಮೇಲೆ ಅಥವಾ ಕೆಳಗೆ ಹೋಗಿದ್ದರೆ ವಾಲು ಹೊಂದಲಿಲ್ಲ. ಪಕ್ಕಕ್ಕೆ ಹೋಗಿದ್ದರೆ ಗಾತ್ರ ಹೊಂದಲಿಲ್ಲ. ಐದಾರು ಸಲ ಮಾಡಿ ನೋಡಿ. ಮಲೆನಾಡಿನ ಮಳೆಯಲ್ಲಿ ಒದ್ದೆ ಕೈಗೆ ನುಣುಪು ಹಿಡಿ ಜಾರುತ್ತದೆ; ಗೀರು ಕೊಯ್ದ ಹಿಡಿಯೇ ಮೇಲು.

ತೋಟಕ್ಕೆ ಪಿಸ್ತೂಲು ಬೇಕೆ?

ಈಗ ಮೊದಲ ಪ್ರಶ್ನೆ. ಬೆಳೆ ರಕ್ಷಣೆಗೆ ಕಾನೂನು ಹೇಳುವ ಆಯುಧ ಬೇರೆಯೇ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮು ಬೆಳೆ ಕಾವಲಿಗೆ ಕೇಪಿನ ಕೋವಿಯನ್ನು ಹೆಸರಿಸುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ಪಿಸ್ತೂಲಿಗೆ ಸರಿಯಾದ ಕಾರಣವಿದೆಯೆಂದು ಪ್ರತ್ಯೇಕವಾಗಿ ತೋರಿಸಬೇಕು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಬಂದೂಕು. ಲೈಸೆನ್ಸಿನ ಅವಧಿ ಐದು ವರ್ಷ. ಅಪ್ಪನ ಕಾಲದ ಜೋಡುನಳಿಗೆಯೂ ಅಜ್ಜನ ಕೇಪಿನ ಕೋವಿಯೂ ನಿಮ್ಮ ಲೈಸೆನ್ಸಿನಲ್ಲಿ ಇದ್ದರೆ ಲೆಕ್ಕ ಅಲ್ಲಿಗೆ ಮುಗಿಯಿತು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಪಿಸ್ತೂಲಿಗೂ ಸಲ್ಲುತ್ತದೆಂದು ತಾವೇ ತೀರ್ಮಾನಿಸಬೇಡಿ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಮಕ್ಕಳ ಓದಿಗೆಂದು ಅಶೋಕಪುರಂನಲ್ಲೋ ಜಯನಗರದಲ್ಲೋ ಮನೆ ಮಾಡಿ ವಾಸ ಬದಲಿಸಿದವರು ಹೊಸ ವಿಳಾಸವನ್ನು ಲೈಸೆನ್ಸಿನಲ್ಲಿ ಬರೆಸಿಕೊಳ್ಳಬೇಕು.

ಇನ್ನು ಆನೆ, ಹಂದಿಗಳ ವಿಷಯ. ಆನೆಯ ಮುಂದೆ .32 ಆಟದ ಸಾಮಾನು. ಗಾಯಗೊಂಡ ಆನೆ ಊರಿಗೇ ಅಪಾಯ. ಲಿಖಿತ ಅನುಮತಿಯಿಲ್ಲದೆ ಕಾಡುಹಂದಿಗೆ ಗುಂಡಿಕ್ಕುವುದೂ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.

ಹಾಗಾದರೆ ಉಳಿದದ್ದು ಆತ್ಮರಕ್ಷಣೆ. ಕಣಕ್ಕೆ ಬೆಳಕು, ನಾಯಿ, ನೆರೆಯವರೊಡನೆ ಸರದಿ ಕಾವಲು. ಬಟವಾಡೆಯನ್ನು ಬ್ಯಾಂಕ್ ಖಾತೆಗೆ ಕಟ್ಟುವುದು: ಇವನ್ನೆಲ್ಲ ಮಾಡಿಯೂ ಬೇಕೆನಿಸಿದರೆ ಮಾತ್ರ ಅರ್ಜಿ ಹಾಕಿ. ಮೊದಲು ರೈಫಲ್ ಸಂಘದಲ್ಲಿ ಕಲಿಯಿರಿ. ಖರೀದಿಗೆ ಮುಂಚೆ ಬೀಗದ ಕಬ್ಬಿಣದ ಪೆಟ್ಟಿಗೆ ಗೋಡೆಗೆ ಕೂರಿಸಿ. ಪಿಸ್ತೂಲು ಒಂದು ಕಡೆ, ತೋಟಾ ಇನ್ನೊಂದು ಕಡೆ ಇರಲಿ. ನಿಮ್ಮ ಅಂಗೈಗೆ ಹಿತವಾಗಿ ಕೂರುವ ಚಿಕ್ಕ ಹಿಡಿ ಮನೆಯ ಹತ್ತು ವರ್ಷದ ಹುಡುಗನ ಕೈಗೂ ಅಷ್ಟೇ ಹಿತವಾಗಿ ಕೂರುತ್ತದೆ. ದೊಡ್ಡ ಕೋವಿಯನ್ನು ಎತ್ತಲಾರದ ಮಗು ಅದನ್ನು ಎತ್ತಬಲ್ಲದು. ಅಂಗಡಿಯಲ್ಲಿ ಹಿಡಿ ನೋಡುವಾಗ ಈ ಮಾತೂ ನೆನಪಿರಲಿ.