ಕಾಗದದ ಉಕ್ಕು, ಕುಲುಮೆಯ ಉಕ್ಕು

‘ಹಳ್ಳಿಗುಡಿಯಲ್ಲಿ ಪೋಸ್ಕೊ ಕಾರ್ಖಾನೆ ಆಗಿದ್ದರೆ, ಹೇಳಿದಂತೆ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ಬರುತ್ತಿತ್ತೇ?’ ಇದು ಅಡರಕಟ್ಟಿಯ ಓದುಗರೊಬ್ಬರ ಪ್ರಶ್ನೆ. ರೈತರು ಮತ್ತು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಹೋರಾಟದ ನಂತರ 2011ರಲ್ಲಿ ರಾಜ್ಯ ಸರ್ಕಾರ ಕೈಬಿಟ್ಟ, ಗದಗ ಜಿಲ್ಲೆಯಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಯೋಜನೆ ಅದು. ಕಟ್ಟದ ಕಾರ್ಖಾನೆಯ ಉತ್ಪಾದನೆ ಹೇಳಲಾಗದು. ಆದರೆ ಗುರಿಗೂ ಉತ್ಪಾದನೆಗೂ ಅಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ ಚೆನ್ನಾಗಿ ತೋರಿಸುತ್ತದೆ.

1946ರ ಮಾರ್ಚ್‌ನಲ್ಲಿ ಸೋತ ದೇಶವನ್ನು ವಲಯಗಳಾಗಿ ಹಂಚಿಕೊಂಡಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟಗಳ ಸೇನಾಡಳಿತ ಒಂದು ಮಿತಿ ಹಾಕಿತು: ಜರ್ಮನಿ ವರ್ಷಕ್ಕೆ 58 ಲಕ್ಷ ಟನ್‌ಗಿಂತ ಹೆಚ್ಚು ಉಕ್ಕು ತಯಾರಿಸಕೂಡದು. ಮತ್ತೆ ಅದು ಶಸ್ತ್ರ ಹಿಡಿಯಬಾರದೆಂಬ ಉದ್ದೇಶ. 1947ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಲಯಗಳಿಗೇ ಮಿತಿಯನ್ನು 107 ಲಕ್ಷ ಟನ್‌ಗೆ ಏರಿಸಿದರು. ಆ ವರ್ಷ ಪಶ್ಚಿಮದ ವಲಯಗಳಲ್ಲಿ ತಯಾರಾದದ್ದು ಸುಮಾರು 30 ಲಕ್ಷ ಟನ್ ಮಾತ್ರ! ಹೊಸ ಮಿತಿ ಹಾಗಿರಲಿ, ಹಳೆಯದನ್ನೂ ಮುಟ್ಟಲಿಲ್ಲ.

ಕುಲುಮೆಗಳು ಇದ್ದವು, ಕೆಲಸ ಬಲ್ಲವರೂ ಇದ್ದರು. ಇಲ್ಲದ್ದು ಕಲ್ಲಿದ್ದಲು. ಪಶ್ಚಿಮ ಜರ್ಮನಿಯ ರೂರ್ ಪ್ರದೇಶದ ಗಣಿಗಳ ಉತ್ಪಾದನೆ ಯುದ್ಧಪೂರ್ವದ ಅರ್ಧಕ್ಕೆ ಕುಸಿದಿತ್ತು. ಏಕೆಂದರೆ ಅನ್ನವಿರಲಿಲ್ಲ. 1946ರಲ್ಲಿ ಬ್ರಿಟಿಷ್ ವಲಯದ ಸಾಮಾನ್ಯ ಪಡಿತರ ದಿನಕ್ಕೆ ಸುಮಾರು 1,000 ಕ್ಯಾಲೊರಿಗೆ ಇಳಿದಿತ್ತು. ಗಣಿಯವರಿಗೆ ಹೆಚ್ಚು ಕೊಟ್ಟರೂ ಮನೆಯ ಮಕ್ಕಳ ಹಸಿವು ಅವರನ್ನು ಹೊಲದ ಕಡೆ ಆಲೂಗಡ್ಡೆ ಹುಡುಕಲು ಓಡಿಸುತ್ತಿತ್ತು. 1946ರ ಕೊನೆಗೆ ಶುರುವಾದ ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿ, ತೆಗೆದ ಕಲ್ಲಿದ್ದಲೂ ಸಾಗಲಿಲ್ಲ.

ನಮ್ಮ ಎರೆ ಹೊಲದವರಿಗೆ ಇದು ಹೊಸತಲ್ಲ. ಮಣ್ಣಿನಲ್ಲಿ ಸತು ಕಡಿಮೆ ಇದ್ದರೆ ಯೂರಿಯಾ ಎಷ್ಟು ಚೆಲ್ಲಿದರೂ ಗೋವಿನಜೋಳ ಏಳುವುದಿಲ್ಲ. ಇಳುವರಿಯನ್ನು ನಿರ್ಧರಿಸುವುದು ಎಲ್ಲಕ್ಕಿಂತ ಕೊರತೆಯಿರುವ ಪೋಷಕಾಂಶ ಎಂದು ಮೊದಲು ಹೇಳಿದವನು ಜರ್ಮನಿಯ ಕೃಷಿ ವಿಜ್ಞಾನಿ ಕಾರ್ಲ್ ಸ್ಪ್ರೆಂಗೆಲ್, 1828ರ ಸುಮಾರಿಗೆ. ಹೆಸರು ಬಂದದ್ದು ಮಾತ್ರ ಅದನ್ನು ಪ್ರಚಾರ ಮಾಡಿದ ರಸಾಯನಶಾಸ್ತ್ರಜ್ಞ ಲೀಬಿಗ್‌ಗೆ. ಜರ್ಮನಿಯ ಕುಲುಮೆಗಳೂ ಅದೇ ನಿಯಮಕ್ಕೆ ತಲೆಬಾಗಿದವು.

ಕರ್ನಾಟಕದ ‘ಸತು’ ಕಲ್ಲಿದ್ದಲು. ಅದಿಲ್ಲವೆಂದೇ 1923ರಲ್ಲಿ ಭದ್ರಾವತಿಯ ಕುಲುಮೆಯನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಉರಿಸಬೇಕಾಯಿತು. ಕಾಡು ಕೊಟ್ಟಷ್ಟೇ ಕಬ್ಬಿಣ. ಊದುಕುಲುಮೆಯ ಮಾರ್ಗದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 1.6 ಟನ್ ಅದಿರು, ಮುಕ್ಕಾಲು ಟನ್‌ನಷ್ಟು ಕಲ್ಲಿದ್ದಲು ಬೇಕು. 60 ಲಕ್ಷ ಟನ್ ಉಕ್ಕು ಎಂದರೆ ವರ್ಷಕ್ಕೆ 45 ಲಕ್ಷ ಟನ್ ಕಲ್ಲಿದ್ದಲು, ಅಷ್ಟೂ ಹೊರಗಿನಿಂದ.

ಮುಂದೆ ಇಂಥ ಘೋಷಣೆ ಪತ್ರಿಕೆಯಲ್ಲಿ ಬಂದರೆ ಉಕ್ಕಿನ ಟನ್ ಲೆಕ್ಕ ನೋಡುವ ಮೊದಲು ಕಲ್ಲಿದ್ದಲು ಯಾವ ಬಂದರಿನಿಂದ, ಯಾವ ರೈಲುಮಾರ್ಗದಲ್ಲಿ ಬರುತ್ತದೆ, ಬೇಸಿಗೆಯಲ್ಲಿ ತುಂಗಭದ್ರೆಯ ನೀರು ಎಷ್ಟು ಬೇಕು ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಕೇಳಿ.